ಒಟ್ಲಿಗೆ ಮೊದಲ ನೀರು

"ಇನ್ನೊಂದು ಸಲ ಇಡಿ ಸಿಸ್ಟರ್. ಮಧ್ಯೆ ಕಟ್ಟಾಯಿತು," ಎಂದರು ಮೈಸೂರಿನಿಂದ ಫೋನಿನಲ್ಲಿ ಡಾಕ್ಟರ್ ರಮ್ಯ.

ಸಿಂಧು ಕೂಸಿನ ಎದೆಬಡಿತ ಕೇಳಿಸುವ ಪುಟ್ಟ ಯಂತ್ರವನ್ನು ರಾಧಾಳ ಹೊಟ್ಟೆಗೆ ಒತ್ತಿ, ಮೇಜಿನ ಫೋನನ್ನು ಹತ್ತಿರಕ್ಕೆ ಎಳೆದಳು. ಕೋಣೆಯಲ್ಲಿ ಬಡಿತ ಸ್ಪಷ್ಟವಾಗಿತ್ತು. ಮೈಸೂರು ಮುಟ್ಟುವಷ್ಟರಲ್ಲಿ ಅದು ಹರಿದು ಚೂರಾಗುತ್ತಿತ್ತು. ನಾಲೆಯ ಏರಿಯ ಕೆಳಗಿನ ಈ ಆರೋಗ್ಯ ಕೇಂದ್ರಕ್ಕೆ ಮೊಬೈಲ್ ಸಿಗ್ನಲ್ ಇಳಿಯುವುದಿಲ್ಲ. ಇರುವುದು ಇಂಟರ್ನೆಟ್ಟಿನಲ್ಲಿ ಓಡುವ ಈ ಫೋನೊಂದೇ.

"ನಿಮ್ಮ ಎಣಿಕೆ ಸರಿಯೇ ಇರಬಹುದು. ನನಗೆ ಲಯ ಕೇಳಬೇಕು, ಒಂದು ನಿಮಿಷ ಪೂರ್ತಿ. ಹನ್ನೊಂದರೊಳಗೆ ಆಗದಿದ್ದರೆ ಇಲ್ಲಿಗೆ ಕಳಿಸಿಬಿಡಿ."

ರಾಧಾ ಕಣ್ಣು ಮುಚ್ಚಿದಳು. ಹಿಂದಿನ ಸಲವೂ ಎಂಟನೇ ತಿಂಗಳಲ್ಲಿ ಹೀಗೆಯೇ ಅವಸರದಲ್ಲಿ ಹೊರಟು, ಬಿಳಿಕೆರೆ ದಾಟುವ ಮೊದಲೇ ದಾರಿಯಲ್ಲಿ ಕೂಸನ್ನು ಕಳೆದುಕೊಂಡಿದ್ದಳು.

"ಮತ್ತೆ ಆ ದಾರಿಗೆ ಇವ್ಳುನ್ನ ಅತ್ತುಸ್ಬ್ಯಾಡಿ ಸಿಸ್ಟ್ರೇ," ಎಂದಳು ಅತ್ತೆ ಸಾಕಮ್ಮ.

ಗೋಡೆಯ ಮೇಲಿನ ಪೆಟ್ಟಿಗೆಗೆ ತನ್ನ ಲ್ಯಾಪ್‌ಟಾಪ್ ಜೋಡಿಸಿಕೊಂಡು ನಂಜುಂಡೇಶ ಕೂತಿದ್ದ. ಊರಿನ ಇಂಟರ್ನೆಟ್ ನೋಡಿಕೊಳ್ಳುವವನು ಅವನೇ. ಒಂದೇ ತಂತಿ ಆರೋಗ್ಯ ಕೇಂದ್ರಕ್ಕೂ ಪಕ್ಕದ ಪಂಚಾಯ್ತಿಗೂ ಅದರಾಚೆಯ ವಾಚನಾಲಯಕ್ಕೂ ಹೋಗುತ್ತಿತ್ತು.

"ಎರಡು ಸಲ ಸ್ಪೀಡ್ ಏರುಸ್ದೆ ಸಿಸ್ಟರ್. ಏರುಸ್ದಷ್ಟೂ ಪಂಚಾಯ್ತಿ ಸಿಸಿ ಕ್ಯಾಮರಾ ವಿಡಿಯೋ ಕಳುಸ್ತಾ ನುಂಗ್ತದೆ. ಫೋನಿನ ಮಾತು ಅದರ ಹಿಂದೆ ಸರತೀಲಿ ನಿಂತಿರ್ತದೆ."

"ಮುಂದೆ ಬಿಡೋಕೆ ಬರಲ್ವಾ?"

"ಬತ್ತದೆ. ಆದ್ರೆ ಯಾರ್ನೂ ಮುಂದೆ ಬುಡಂಗಿಲ್ಲ, ಬಂದೋರು ಬಂದಂಗೆ ಅಂತ ಊರ ಸಭೇಲಿ ತೀರ್ಮಾನ ಆಗಿದ್ಯಲ್ಲ. ಹೋದ ವರ್ಷ ಇದ್ಕೇ ತಾನೆ ಕೈಕೈ ಮಿಲಾಯ್ಸಿದ್ದು."

ಬಿ.ಪಿ. ಮಾತ್ರೆಗೆಂದು ಬೆಂಚಿನ ಮೇಲೆ ಕೂತಿದ್ದ ಮಂಚಯ್ಯ ತಲೆಯೆತ್ತಿದ. ನಲವತ್ತು ವರ್ಷ ಈ ನಾಲೆಯ ತೂಬು ಕಾಯ್ದ ನೀರಗಂಟಿ.

"ಆ ಫೋನ್ಗೆ ಎಷ್ಟ್ ಬೇಕ್ಲಾ?"

"ಬೆರಳು ಗಾತ್ರ ಸಾಕು ತಾತ. ಆದ್ರೆ ಒಂದು ಚಣನೂ ನಿಲ್ಬಾರ್ದು. ಕ್ಯಾಮರಾದ್ದು ಅರ್ಧ ಗಂಟೆ ತಡವಾದ್ರೂ ನಷ್ಟ ಇಲ್ಲ."

"ಅಂಗಾರೆ ಅದು ಒಟ್ಲು ಕಣ್ಲಾ. ಒಟ್ಲ ತಕ್ಕೊಂಡೋಗಿ ಕಬ್ಬಿನ ಹಿಂದೆ ನಿಲ್ಸಿದ್ದೀಯಲ್ಲ."

ಒಟ್ಲೆಂದರೆ ಭತ್ತದ ಪೈರು ಎಬ್ಬಿಸುವ ಸಣ್ಣ ಮಡಿ. ಅದು ಕುಡಿಯುವ ನೀರು ಅಷ್ಟಿಷ್ಟೇ, ತಪ್ಪಿದರೆ ಮಾತ್ರ ಇಡೀ ಗದ್ದೆ ಬರಿದು. ಕಬ್ಬು ವಾರ ಕಾದೀತು. ಈ ನಾಲೆಯ ಕೆಳಗೆ ತಲೆ ಒಡೆದುಕೊಂಡವರೂ ಒಟ್ಲಿಗೆ ಮಾತ್ರ ಮೊದಲ ನೀರು ಬಿಡುತ್ತಿದ್ದರು.

ನಂಜುಂಡೇಶನ ಬೆರಳು ಕೀಲಿಗಳ ಮೇಲೆ ಹಾಗೇ ನಿಂತಿತು. ಅಷ್ಟರಲ್ಲಿ ಪಂಚಾಯ್ತಿಯ ಗುಮಾಸ್ತ ಯತೀಶ್ ಮೊಬೈಲ್ ಹಿಡಿದು ಬಾಗಿಲಿಗೆ ಬಂದ. ಅದೇ ತಂತಿಯ ವೈಫೈನಲ್ಲಿ ಅವನು ಕಳಿಸುತ್ತಿದ್ದ ರಸ್ತೆ ಕೆಲಸದ ಫೋಟೋ ಹೋಗುತ್ತಿರಲಿಲ್ಲ. ವಿಷಯ ಕೇಳಿ ಅವನ ಮುಖ ಬಿಗಿಯಿತು.

"ಸಭೆ ತೀರ್ಮಾನ ಮುರಿಯಾಕೆ ನೀನ್ಯಾರಪ್ಪಾ?"

"ನಿಮ್ಮಪ್ಪ ನಿಂಗಯ್ಯ," ಎಂದ ಮಂಚಯ್ಯ ಮೆಲ್ಲಗೆ, "ನನ್ ಕಣ್ಣೆದುರ್ಗೇ ನೀರು ಕದೀತಿದ್ದ ಆಸಾಮಿ. ಅಂಥೋನೂ ಒಟ್ಲು ಅಂದ್ರೆ ಗುದ್ಲಿ ಕೆಳಗಿಡ್ತಿದ್ದ."

ಸಾಕಮ್ಮ ಸೆರಗಿನೊಳಗೇ ನಕ್ಕಳು. ಯತೀಶ್ ಒಮ್ಮೆ ರಾಧಾ ಮಲಗಿದ್ದ ಮಂಚದ ಕಡೆ ನೋಡಿ ಕಣ್ಣು ತಗ್ಗಿಸಿದ. "ಮಾಡಪ್ಪ ಮಾಡು. ಸಭೇಲಿ ಕೇಳುದ್ರೆ ನಮ್ಮಪ್ಪನ ಎಸ್ರೇ ಏಳ್ತೀನಿ."

ನಂಜುಂಡೇಶ ಅವಸರ ಮಾಡಲಿಲ್ಲ. ಫೋನಿನ ಮಾತನ್ನು ಗುರುತು ಹಚ್ಚಿ ಎಲ್ಲಕ್ಕಿಂತ ಮುಂದೆ ಇಟ್ಟ. ಕ್ಯಾಮರಾವನ್ನು ಕೊನೆಗೆ ತಳ್ಳಿದ. ಆಮೇಲೆ ಒಟ್ಟು ಹರಿವನ್ನೇ ತುಸು ತಗ್ಗಿಸಿದ.

"ತಗ್ಗಿಸೋದ್ಯಾಕೆ?" ಸಿಂಧು ಕೇಳಿದಳು.

"ತಂತಿ ತುಂಬುದ್ರೆ ಸರತಿ ಆಚೆ ಎಲ್ಲೋ ಕಟ್ಕತದೆ ಸಿಸ್ಟರ್, ನಮ್ಮ ಕೈಗೆ ಸಿಕ್ಕಲ್ಲ. ಸ್ವಲ್ಪ ಖಾಲಿ ಇದ್ರೆ ಇಲ್ಲೇ ಈ ಪೆಟ್ಟಿಗೇಲೇ ಕಟ್ಕತದೆ. ಯಾರು ಮೊದ್ಲು ಅಂತ ಆಗ ನಾವೇ ಹೇಳ್ಬೋದು."

"ನಾನೂ ತೂಬ ಪೂರ್ತಿ ಎತ್ತಿದ್ದೇ ಇಲ್ಲ ಬುಡು," ಎಂದ ಮಂಚಯ್ಯ. ಹುಡುಗನನ್ನು ಮೊದಲ ಸಲ ನೋಡುವವನಂತೆ ನೋಡಿದ.

ಹನ್ನೊಂದಕ್ಕೆ ಐದು ನಿಮಿಷವಿತ್ತು. ಸಿಂಧು ಮೈಸೂರಿಗೆ ಫೋನ್ ಮಾಡಿ, ಯಂತ್ರವನ್ನು ಹೊಟ್ಟೆಗಿಟ್ಟಳು. ಬಡಿತ ಹೊರಟಿತು. ಸಿಂಧುವಿನ ಕಣ್ಣು ಗಡಿಯಾರದ ಮುಳ್ಳಿನ ಮೇಲಿತ್ತು. ಅದು ಒಂದು ಸುತ್ತು ಮುಗಿಸಿತು.

"ಒಂದೂ ತಪ್ಪಲಿಲ್ಲ ಸಿಸ್ಟರ್," ಎಂದರು ಡಾಕ್ಟರ್. "ಲಯ ಚೆನ್ನಾಗಿದೆ. ಅಲ್ಲೇ ಇರಲಿ. ನಾಳೆ ಇದೇ ಹೊತ್ತಿಗೆ ಕೇಳೋಣ."

ಸಿಂಧು ಯಂತ್ರ ತೆಗೆಯಹೋದಾಗ ರಾಧಾ ಅವಳ ಕೈ ಹಿಡಿದಳು.

"ಇನ್ನೊಸಿ ಹೊತ್ತು ಇರ್ಲಿ ಸಿಸ್ಟ್ರೇ."

ಡಾಕ್ಟರೂ ಫೋನ್ ಇಡಲಿಲ್ಲ. ಮಂಚಯ್ಯ ಎದ್ದು ಬಂದು ಬಾಗಿಲಲ್ಲಿ ಗುದ್ದಲಿಯ ಕಾವಿನ ಮೇಲೆ ಊರಿದ ಹಾಗೆ ಒಂದು ಕೈಯ ಮೇಲೊಂದು ಕೈ ಇಟ್ಟು ನಿಂತಿದ್ದ. ಯತೀಶನ ಮೊಬೈಲಿನಲ್ಲಿ ಅರ್ಧ ಹೋದ ಫೋಟೋದ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಅವನು ಅದನ್ನು ಬೋರಲು ಮಾಡಿ, ಬೆಂಚಿನ ತುದಿಯಲ್ಲಿ ಕೂತ.