ಕೊಡಲಿ ಹಿಡಿದ ಹಾವು

ನಿಜಾಮನ ಬಾವುಟ ಇಳಿದು ವರ್ಷವಾಗಿತ್ತು. ಹಲಬರ್ಗಾದ ಪೊಲೀಸ್ ಪಾಟೀಲ ಮನ್ಮಥಪ್ಪನೂ ಪೂರಾ ಬದಲಾಗಿದ್ದ: ರೂಮಿ ಟೋಪಿ ಪೆಟ್ಟಿಗೆ ಸೇರಿ, ತಲೆಗೆ ಗಾಂಧಿ ಟೋಪಿ ಬಂದಿತ್ತು. ಟೋಪಿಯ ಕೆಳಗಿನದೆಲ್ಲ ಹಳೆಯದೇ.

ಸ್ವರಾಜ್ಯವೆಂಬ ಮಾತನ್ನು ನಂಬಿ ಊರಾಚೆಯ ಅಸ್ಪೃಶ್ಯರ ಕೇರಿಯ ಮಚ್ಛೇಂದ್ರ ಒಂದು ಮುಂಜಾನೆ ಊರಬಾವಿಗೆ ಕೊಡ ಇಳಿಸಿದ. ಪಾಟೀಲನ ಅಳಿಯ ಮಲ್ಲಿಕಾರ್ಜುನಪ್ಪ ಹಿಂದಿನಿಂದ ಬೆನ್ನಿಗೆ ಕೊಡಲಿ ಬೀಸಿದ. ಹೆಣ ಬಾವಿಕಟ್ಟೆಯ ಮೇಲೇ ಅಂಗಾತ ಬಿತ್ತು.

ಪಾಟೀಲ ಹೆಣದ ಪಂಚನಾಮೆಗೆ ಪಂಚರನ್ನು ಕರೆತಂದು ದೂರದಲ್ಲಿ ನಿಂತ. ಕೇರಿಯ ಹೆಣವನ್ನು ಪಂಚರು ಮುಟ್ಟುವಂತಿರಲಿಲ್ಲ. ಹೊರಳಿಸುವುದಿದ್ದರೆ ಸತ್ತವನ ಕಡೆಯವರೇ ಹೊರಳಿಸಬೇಕು. ಪಾಟೀಲ ಹೊರಳಿಸೆನ್ನಲಿಲ್ಲ. ಮೂಗಿಗೆ ಧೋತರದ ಸೆರಗು ಒತ್ತಿಕೊಂಡು, "ಹಾವು ಕಡದದ," ಎಂದ. ಪಂಚರು ತಲೆಯಾಡಿಸಿದರು. ಆ ಕೇರಿಯಲ್ಲಿ ಬಡಿಸಿಕೊಂಡು ಸತ್ತವರೆಲ್ಲ ಹಾವು ಕಚ್ಚಿಯೇ ಸತ್ತಿದ್ದರು. ಹಲಬರ್ಗಾದ ಹಾವುಗಳಿಗೆ ಜಾತಿ ಗುರುತಿಸುವ ಕಣ್ಣಿತ್ತು.

ಮಚ್ಛೇಂದ್ರನ ಹೆಂಡತಿ ಕೇಶರಬಾಯಿ ಆಗಲೇ ಗಂಡನನ್ನು ಎತ್ತಿ ಬೆನ್ನಿನ ಗಾಯ ನೋಡಿದ್ದಳು. ಕೊಲೆಯನ್ನು ಕೊಲೆ ಎನ್ನಿಸದೆ ಮಣ್ಣು ಮಾಡಬಾರದು, ಅಷ್ಟೇ ಅವಳ ಹಟ.

"ಒಯ್ರಿ ಇನ್ನ," ಎಂದ ಪಾಟೀಲ.

"ನೀವೇ ಹೊರಳಿಸಿ ನೋಡ್ರಿ, ಪಾಟೀಲ್ರ. ಅಲ್ಲೀತನಕ ನಮ್ಮ ಮಂದಿ ಮುಟ್ಟಂಗಿಲ್ಲ," ಎಂದು ಕೂತೇಬಿಟ್ಟಳು. ಇಡೀ ಕೇರಿ ಅವಳ ಹಿಂದೆ ಕೂತಿತು.

ಊರು ಪೇಚಿಗೆ ಸಿಕ್ಕಿತು. ಹೆಣ ಎತ್ತದೆ ನೀರಿಲ್ಲ, ಮುಟ್ಟಿದರೆ ಮಡಿಯಿಲ್ಲ. ಮಧ್ಯಾಹ್ನಕ್ಕೆ ಪಾಟೀಲನ ಹೆಂಡತಿ ಗುಂಡಮ್ಮ ಖಾಲಿ ಕೊಡ ಹಿಡಿದು ಬಂದಳು.

"ಏನ್ರೀ, ಮನ್ಯಾಗ ಹನಿ ನೀರಿಲ್ಲ! ಹಾವು ಹಾವು ಅಂತೀರಲ್ಲ, ಆ ಹಾವಿಗಿ ನಮ್ಮನಿ ಕೊಡ್ಲಿ ಯಾರು ಕೊಟ್ರು?"

ಪಾಟೀಲ ಅವಳನ್ನು ಮನೆಗೆ ಅಟ್ಟಿದ. ಕೇರಿಯವರನ್ನು ಚದುರಿಸಲೆಂದು ತಾನೇ ಭಾಲ್ಕಿಯಿಂದ ಪೊಲೀಸರನ್ನು ಕರೆಸಿದ. ಬಂದ ಠಾಣೆಯ ಅಮೀನ ಪರವೂರಿನ ಹುಡುಗ. ಇಲ್ಲಿಯ ರಿವಾಜು ಅವನಿಗೆ ಯಾರೂ ಕಲಿಸಿರಲಿಲ್ಲ. ಅಂಗಿಯ ತೋಳು ಮಡಚಿ, ಹೆಣ ಹೊರಳಿಸಿದ.

"ಪಾಟೀಲ್ರೇ, ಈ ಹಾವಿನ ಹಲ್ಲು ಗೇಣುದ್ದ ಇದೆಯಲ್ಲ!"

ಬೀದರಿನ ಕೋರ್ಟು ಮಲ್ಲಿಕಾರ್ಜುನಪ್ಪನನ್ನು ಜೇಲಿಗೆ ಕಳಿಸಿತು. ಮಚ್ಛೇಂದ್ರನ ಸುದ್ದಿ ಕೇಳಿ ಔರಾದ, ಕಮಲನಗರದ ಕೇರಿಗಳಿಂದಲೂ ವಿಧವೆಯರು ಕಚೇರಿಗೆ ಬಂದು, ತಮ್ಮ ಗಂಡಂದಿರನ್ನು ಕಡಿದ ಹಾವುಗಳ ಹೆಸರು, ಅಪ್ಪನ ಹೆಸರು, ಮನೆತನ ಎಲ್ಲ ಹೇಳತೊಡಗಿದರು. ಸರಕಾರಕ್ಕೆ ಮುಖ ಮುಚ್ಚಿಕೊಳ್ಳಲು ಜಾಗ ಉಳಿಯಲಿಲ್ಲ. ಹೊಸ ಹುಕುಂ ಬಂತು: ಹೆಣವನ್ನು ಪೊಲೀಸರೇ ಮುಟ್ಟಿ ನೋಡಬೇಕು, ಪಂಚರಲ್ಲಿ ಸತ್ತವನ ಕೇರಿಯವರೂ ಇರಬೇಕು, ಪಾಟೀಲನ ನೆಂಟರ ಮೇಲಿನ ತಕರಾರಿನಲ್ಲಿ ಪಾಟೀಲ ಬಾಯಿ ಹಾಕಬಾರದು.

ಹುಕುಂ ಸಾರಲು ಹಲಗೆ ಹಿಡಿದವನು ಮಚ್ಛೇಂದ್ರನ ತಮ್ಮ ಮಾಣಿಕ. ಮನ್ಮಥಪ್ಪ ಕಟ್ಟೆಯ ಮೇಲೆ ಕೂತು, "ನಮ್ಮೂರಿಂದ್ಲೇ ಆದ ಕಾನೂನರೀ ಇದು!" ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದ.

ಕೇಶರಬಾಯಿ ಮೈದುನನನ್ನು ತಡೆದಳು. "ಮಾಣಿಕ, ಇದರಾಗ ನಿಮ್ಮಣ್ಣನ ಹೆಸರು ಎಲ್ಲ್ಯದ?"

"ಸರಕಾರದವ್ರು ಹೇಳಿಲ್ಲ, ವೈನಿ."

"ಸರಕಾರಕ್ಕ ನೆನಪು ಹೋಗ್ಯಾದ. ನಿನಗ?"

ಮಾಣಿಕ ಓಣಿಯ ತುದಿಗೆ ಮರಳಿ ಹೋಗಿ, ಮೊದಲಿನಿಂದ ಶುರುಮಾಡಿದ. "ಕೇಳ್ರಪ್ಪೋ! ಮಚ್ಛೇಂದ್ರನ ಕೊಲಿ ಮಾಡಿದ್ದಕ್ಕ ಬಂದ ಕಾನೂನು, ಕೇಳ್ರೀ!" ಕೇಶರಬಾಯಿ ಜೊತೆಗೇ ನಡೆದಳು. ಪಾಟೀಲನ ಕಟ್ಟೆಯ ಮುಂದೆ ಅವನು ಹಲಗೆಯನ್ನು ಒಂದಿಷ್ಟು ಹೆಚ್ಚೇ ಬಡಿದ.