ಇಂಚು ಬರಿ, ದಪ್ಪ ಅಂತ ಬರೀಬೇಡ

ನಾಲ್ಕು ಗಂಟೆಗೆ ವ್ಯಾನು ಬಂದು ಹಳೆಯ ಹೊಲಿಗೆ ಯಂತ್ರವನ್ನು ಹೊತ್ತೊಯ್ಯುವುದಿತ್ತು. ಮೂರರ ಹೊತ್ತಿಗೆ ಟೈಲರಕ್ಕ ಅದರ ಮುಂದೆ ಕುಳಿತು, ಊಟ ಬಿಟ್ಟು ಮುನಿಸಿಕೊಂಡ ಮಗುವನ್ನು ನೋಡುವಂತೆ ನೋಡುತ್ತಿದ್ದಳು.

ಅದು ಅವಳ ಅತ್ತೆಯ ಯಂತ್ರ. ತೀರಿಕೊಳ್ಳುವವರೆಗೂ ಅತ್ತೆ ಇದೇ ಕಿಟಕಿಯ ಪಕ್ಕ ಕುಳಿತು ಅದನ್ನು ತುಳಿದಿದ್ದರು. ಸೊಸೆಗೆ ಹೊಲಿಗೆಯನ್ನೂ ಬಾಳುವೆಯನ್ನೂ ಇಲ್ಲೇ ಕಲಿಸಿದ್ದರು. ಒಂಬತ್ತು ದಿನದಿಂದ ಅದಕ್ಕೆ ಹಟ. ಮೇಲೆ ನೋಡಿದರೆ ಮುತ್ತು ಪೋಣಿಸಿದಂಥ ಹೊಲಿಗೆ, ಬಟ್ಟೆ ಮಗುಚಿದರೆ ದಾರದ ಕಾಗೆಗೂಡು. ಕೆಳಗಿನ ದಾರ ಸುತ್ತಿರುವ ಉರುಳೆ ಬಾಬಿನ್, ಹಾಗಾಗಿ ತಪ್ಪು ಅದರದೇ ಎಂದು ಟೈಲರಕ್ಕ ತೀರ್ಮಾನಿಸಿಬಿಟ್ಟಳು. ‘ಮೆಷಿನ್ ಬಾಬಿನ್ ಹಾಳಾಗಿದೆ, ಏನು ಮಾಡಬೇಕು’ ಎಂದು ಮೊಬೈಲಿನಲ್ಲಿ ಹುಡುಕಿದಳು. ಹೊಸ ಬಾಬಿನ್ ಹಾಕಿ ಎಂದಿತು. ಹಾಕಿದಳು. ಬಾಬಿನ್ ಕೇಸನ್ನೂ ಬದಲಿಸಿ ಎಂದಿತು. ಬದಲಿಸಿದಳು. ಗೂಡು ಮಾತ್ರ ಜಗ್ಗಲಿಲ್ಲ. ರೋಸಿಹೋಗಿ, ‘ಹಳೇ ಮೆಷಿನ್ ಕೊಟ್ಟು ಹೊಸದು ತಗೊಳ್ಳೋದು ಒಳ್ಳೇದಾ’ ಎಂದು ಕೇಳಿದಳು. ಕೇಳಿದ್ದೇ ತಡ, ಒಳ್ಳೇದು ಒಳ್ಳೇದು ಎನ್ನುತ್ತ ಹೊಸ ಯಂತ್ರಗಳು ಸಾಲುಗಟ್ಟಿ ಬಂದವು. ಒಂದು ಅಂಗಡಿಗೆ ‘ಆಗಲಿ’ ಎಂದು ಒತ್ತಿಬಿಟ್ಟಳು.

ಇವತ್ತು ವ್ಯಾನಿಗಿಂತ ಮೊದಲು ನಾದಿನಿ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ, ನಾಲಿಗೆಯೂ ಕಷಾಯದಷ್ಟೇ ಖಾರ.

“ಏನತ್ತಿಗೆ, ಅಮ್ಮನ ಮೆಷಿನ್ ಸಾಗಹಾಕ್ತಿದೀಯಂತೆ?”

“ಏನ್ ಮಾಡ್ಲಿ? ನಿಮ್ಮಮ್ಮನ ಮಗಳಷ್ಟೇ ಮೊಂಡು ಕಣೇ ಇದು. ಫೋನೂ ಮೆಷಿನ್ನೇ ಬದಲಾಯಿಸು ಅಂತು.”

“ನೀನು ಏನಂತ ಕೇಳಿದೆ, ತೋರ್ಸು.” ಓದಿ ನಾದಿನಿ ನಕ್ಕಳು. “ನಮ್ಮ ಅಂಗಡಿಗೂ ಹೀಗೇ ಬರ್ತಾರೆ. ಗ್ಯಾಸ್ಟ್ರಿಕ್ಕು, ಮಾತ್ರೆ ಕೊಡಿ ಅಂತ. ಎಲ್ಲಿ ನೋವು ಅಂದ್ರೆ ಹಲ್ಲು ತೋರಿಸ್ತಾರೆ! ನೀನು ಕೇಳೇ ಇಲ್ಲ ಅತ್ತಿಗೆ. ತೀರ್ಪು ಬರೆದು, ಸಹಿ ಹಾಕು ಅಂದಿದೀಯ. ಅದು ಹಾಕಿದೆ.”

ಟೈಲರಕ್ಕನ ಕಣ್ಣು ಗೋಡೆಗೆ ತೂಗುಬಿಟ್ಟ ಅಳತೆ ಪುಸ್ತಕದ ಮೇಲೆ ನಿಂತಿತು. ಮದುವೆಯಾದ ಹೊಸದರಲ್ಲಿ ಅವಳು ಅದರಲ್ಲಿ ‘ಹೆಂಗಸು ದಪ್ಪ’ ಎಂದು ಬರೆದು, ರವಿಕೆಯನ್ನು ಡೇರೆಯಂತೆ ಹೊಲಿದಿದ್ದಳು. ಅತ್ತೆ ಬೈಯಲಿಲ್ಲ. “ಇಂಚು ಬರಿ ತಾಯಿ, ದಪ್ಪ ಅಂತ ಬರೀಬೇಡ. ದಪ್ಪ ಅನ್ನೋದು ನಿನ್ನ ಕಣ್ಣಿಂದು, ಇಂಚು ಅವರ ಮೈದು” ಎಂದಿದ್ದರು.

ದೇವರ ಮುಂದೆಯೂ ನಾವು ಹೀಗೇ ನಿಲ್ಲುತ್ತೇವೆ. ನಮ್ಮ ಉತ್ತರವನ್ನೇ ಮುಷ್ಟಿಯಲ್ಲಿ ಬಿಗಿಹಿಡಿದು ಬೇಡುತ್ತೇವೆ. ಅವನು ಕೊಡಬಂದರೆ ಇಸಿದುಕೊಳ್ಳಲು ಕೈ ಖಾಲಿ ಇರುವುದಿಲ್ಲ.

“ಅಯ್ಯೋ, ನಾನು ದಪ್ಪ ಅಂತ ಬರೆದುಬಿಟ್ಟೆ ಕಣೇ!” ಎಂದು ಟೈಲರಕ್ಕ ದಡಬಡನೆ ಎದ್ದಳು. “ಬಾ, ಅಳತೆ ತಗೊಳ್ಳೋಣ. ನಾನು ಹೇಳ್ತೀನಿ, ನೀನು ಬರಿ. ಕಣ್ಣಿಗೆ ಕಂಡಿದ್ದು, ಬೆರಳಿಗೆ ಸಿಕ್ಕಿದ್ದು, ಅಷ್ಟೇ.”

ಗಡಿಯಾರ ಮೂರೂವರೆ ದಾಟಿತ್ತು. ಟೈಲರಕ್ಕ ಯಂತ್ರದ ಮೇಲೆ ಬಾಗಿದಳು.

“ಮೇಲಿನ ಹೊಲಿಗೆ ನೆಟ್ಟಗಿದೆ. ಕೆಳಗೆ ಕುಣಿಕೆ. ದಾರ ಬಿಗಿ ಮಾಡೋ ಮೇಲಿನ ತಿರುಪು ಎಷ್ಟು ತಿರುಗಿಸಿದ್ರೂ ಅಷ್ಟೇ.” ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಇಳಿಸಿ, ಮೇಲಿನ ದಾರವನ್ನು ಜಗ್ಗಿದಳು. ಬಿಗಿಯಾಗಬೇಕಿದ್ದ ದಾರ ಬೆಣ್ಣೆಯೊಳಗಿನ ಕೂದಲಿನಂತೆ ಸರ್ರನೆ ಬಂತು. “ಅರೆ! ಇದನ್ನೂ ಬರಿ. ಪಾದ ಇಳಿಸಿದ್ರೂ ದಾರ ಸಲೀಸು.”

ನಾದಿನಿ ಮೊಬೈಲಿನಲ್ಲಿ ಬರೆದು ಒತ್ತಿದಳು. ಈ ಸಲ ಒಂದೂ ಹೊಸ ಯಂತ್ರ ಬರಲಿಲ್ಲ. “ಅತ್ತಿಗೇ, ಕೇಳು! ಮೇಲೆ ದಾರ ಹಿಡಿಯೋ ಬಿಲ್ಲೆ ಎರಡಿದಾವಲ್ಲ, ಅದರ ಸಂದಿಲಿ ಏನೋ ಸಿಕ್ಕಿಕೊಂಡಿರಬಹುದಂತೆ. ಬಿಲ್ಲೆ ಮುಚ್ಚಿಕೊಳ್ಳದಿದ್ರೆ ಕೆಳಗೆ ಗೂಡು ಕಟ್ಟುತ್ತಂತೆ. ಬಾಬಿನ್ನಿನ ಮಾತೇ ಇಲ್ಲ!”

“ಪಾಪ, ಯಾರದೋ ತಪ್ಪಿಗೆ ಅದನ್ನ ಒಂಬತ್ತು ದಿನ ಬೈದೆ.”

ಟೈಲರಕ್ಕ ಪಾದವನ್ನೆತ್ತಿ, ಬಿಲ್ಲೆಗಳ ನಡುವೆ ಬಟ್ಟೆಯ ಅಂಚು ತೂರಿಸಿ ಎಳೆದಳು. ಏನೂ ಬರಲಿಲ್ಲ. ಹೊರಗೆ ವ್ಯಾನಿನ ಹಾರನ್ನು. “ಎಳಿ ಅತ್ತಿಗೆ, ಎಳಿ!” ಮತ್ತೊಮ್ಮೆ ಎಳೆದಳು. ಕೆಂಪು ದಾರದ ತುಂಡೊಂದು ನುಸಿಯಷ್ಟು ಜುಂಗಿನೊಂದಿಗೆ ಹೊರಬಿತ್ತು. ದಾರ ಪೋಣಿಸಿ, ಚೂರು ಬಟ್ಟೆಯಿಟ್ಟು ತುಳಿದಳು. ಬಟ್ಟೆ ಮಗುಚಿದಳು. ಮೇಲೂ ಮುತ್ತು, ಕೆಳಗೂ ಮುತ್ತು!

ನಾದಿನಿ ಕುಣಿದೇಬಿಟ್ಟಳು. ಬಾಗಿಲಲ್ಲಿ ನಿಂತ ವ್ಯಾನಿನವನು ಕಕ್ಕಾಬಿಕ್ಕಿಯಾದ. “ಕೆಟ್ಟ ಮೆಷಿನ್ ಅಂದಿದ್ರು...”

“ಕೊಡಲ್ಲ ಅಣ್ಣ, ತಪ್ಪು ತಿಳ್ಕೋಬೇಡಿ. ಸುಮ್ನೆ ಬರೋ ಹಾಗಾಯ್ತು ನಿಮಗೆ.” ಟೈಲರಕ್ಕನ ಕಣ್ಣು ಅವನ ಹೆಗಲಿನ ಚೀಲದ ಮೇಲೆ ಬಿತ್ತು. “ಅದೇನು, ಪಟ್ಟಿ ಕಿತ್ತಿದೆಯಲ್ಲ?”

“ಇದಾ? ಪೂರ್ತಿ ಹಾಳಾಗಿದೆ ಬಿಡಿ ಅಕ್ಕ, ಹೊಸದೇ ಆಗ್ಬೇಕು.”

ಟೈಲರಕ್ಕ ಕೊರಳಿನ ಟೇಪನ್ನು ತೆಗೆದು ಬಿಚ್ಚಿದಳು. “ಹಾಳು ಅನ್ಬೇಡಿ. ಹೊಲಿಗೆ ಎಷ್ಟು ಇಂಚು ಬಿಟ್ಟಿದೆ, ಇಲ್ಲಿ ಕೊಡಿ ನೋಡೋಣ.”