ಮೇಲಿನ ಮಹಡಿಯಲ್ಲಿ ಉಳಿದ ಪುಟ

ಬೀದಿಯ ಜನ ಅವರನ್ನು ರಿಫ್ರೆಶ್ ಮಾಮ ಎಂದೇ ಕರೆಯುತ್ತಿದ್ದರು. ಕಂಪ್ಯೂಟರ್ ಕೈಕೊಟ್ಟಿದೆ ಎಂದು ಯಾರೇ ಫೋನ್ ಮಾಡಲಿ, "ಒಂದ್ಸಲ ರಿಫ್ರೆಶ್ ಮಾಡಿ ನೋಡಿದ್ರಾ?" ಎನ್ನುವುದು ಅವರ ಮೊದಲ ಮಾತು. ಅರ್ಧಕ್ಕರ್ಧ ತೊಂದರೆ ಅಲ್ಲಿಗೇ ಮುಗಿಯುತ್ತಿತ್ತು. ಮುಗಿಯದಿದ್ದರೆ ಹೆಗಲಿಗೆ ಚೀಲ ಹಾಕಿಕೊಂಡು ತಾವೇ ಹೊರಡುತ್ತಿದ್ದರು. ಊರವರ ಕಂಪ್ಯೂಟರ್ ಬಿಚ್ಚಿ ನೋಡುವವರಿಗೆ ಊರವರ ಗುಟ್ಟೂ ಕಣ್ಣಿಗೆ ಬೀಳುತ್ತದೆ. ಕಂಡರೂ ಕಾಣದವರ ಹಾಗೆ ಇದ್ದುಬಿಡುವುದನ್ನು ಅವರು ಎಂದೋ ರೂಢಿಸಿಕೊಂಡಿದ್ದರು.

ಆ ದಿನ ಕರೆ ಬಂದದ್ದು ಕನ್ನಡಕದ ಅಂಗಡಿಯಿಂದ. ಅಂಗಡಿ ಅಕ್ಕ-ತಂಗಿಯರದು. ಕೆಳಗೆ ಅಕ್ಕ, ಕಣ್ಣು ಪರೀಕ್ಷಿಸಿ, ಫ್ರೇಮು ತೋರಿಸಿ, ಗಿರಾಕಿಗಳ ಜೊತೆ ಮಾತಾಡುವವಳು. ಮೇಲಿನ ಮಹಡಿಯಲ್ಲಿ ತಂಗಿ, ಗಾಜು ತೇಯುವ ಯಂತ್ರದ ಮುಂದೆ ಕುಳಿತವಳು. ಇಬ್ಬರ ನಡುವೆ ಒಬ್ಬರೇ ಹತ್ತಬಹುದಾದ ಮೆಟ್ಟಿಲು, ಅದರ ಪಕ್ಕದಲ್ಲಿ ರಾಟೆಗೆ ಕಟ್ಟಿದ ಬುಟ್ಟಿ. ಫ್ರೇಮು ಬುಟ್ಟಿಯಲ್ಲಿ ಮೇಲೆ ಹೋಗುತ್ತಿತ್ತು, ಗಾಜು ಕೂರಿಸಿಕೊಂಡು ಕೆಳಗೆ ಬರುತ್ತಿತ್ತು. ಕೆಲವು ತಿಂಗಳಿಂದ ಇಬ್ಬರ ನಡುವೆ ಓಡಾಟವೆಂದರೆ ಆ ಬುಟ್ಟಿಯದೊಂದೇ. ಮಾತು ನಿಂತುಹೋಗಿತ್ತು.

"ಮೇಲಿಂದು ಕೆಟ್ಟಿದೆಯಂತೆ," ಎಂದಳು ಅಕ್ಕ, ಕನ್ನಡಿ ಒರೆಸುತ್ತಾ. "ಆರ್ಡರ್ ಪುಟ ತೆರೀತಿಲ್ಲವಂತೆ. ನಂಗೇನೂ ಹೇಳಿಲ್ಲ, ಬುಟ್ಟೀಲಿ ಚೀಟಿ ಬಂತು. ನೋಡಿ ಮಾಮ."

ಮೇಲೆ ಹೋದರೆ ಗಾಜಿನ ಪುಡಿಯ ತಣ್ಣನೆ ವಾಸನೆ. ಕಿಟಕಿಯ ಕೆಳಗೆ ಕಂಪ್ಯೂಟರ್, ಅದರ ಮೇಲೂ ತೆಳುವಾದ ಬಿಳಿ ಪುಡಿ. ತಂಗಿ ಯಂತ್ರ ನಿಲ್ಲಿಸಿ ಎದ್ದಳು.

"ಹೋದ ವಾರದವರೆಗೆ ಚೆನ್ನಾಗಿತ್ತು. ಈಗ ಆರ್ಡರ್ ಒತ್ತಿದ್ರೆ ಚಕ್ರ ತಿರುಗ್ತಾನೇ ಇರುತ್ತೆ. ಪುಟವೂ ಅಡ್ಡಾದಿಡ್ಡಿ."

ಮಾಮ ಕುಳಿತರು. ಮೊದಲು ಬೇರೆ ಪುಟಗಳನ್ನು ತೆರೆದು ನೋಡಿದರು. ಸರಾಗವಾಗಿ ತೆರೆದುಕೊಂಡವು, ಅಂದರೆ ನೆಟ್ಟಿನದೇನೂ ತಪ್ಪಿಲ್ಲ. ತಮ್ಮ ಫೋನಿನಲ್ಲಿ ಅಂಗಡಿಯ ಆರ್ಡರ್ ಪುಟ ನೋಡಿದರು. ಅಲ್ಲಿ ನೆಟ್ಟಗಿತ್ತು, ಗುಂಡಿಯೂ ಕೆಲಸ ಮಾಡುತ್ತಿತ್ತು.

"ಹೋದ ವಾರ ಪುಟಕ್ಕೆ ಏನಾದ್ರೂ ಹೊಸದು ಸೇರಿಸಿದ್ರಾ?"

"ಕೆಳಗಿನವರು ಸೇರಿಸಿರಬೇಕು. ನನ್ನನ್ನ ಯಾರು ಕೇಳ್ತಾರೆ?"

"ಹಾಗಾದ್ರೆ ಇದು ಕ್ಯಾಶ್ ಸಮಸ್ಯೆ. ಕ್ಯಾಶ್ ಖಾಲಿ ಮಾಡಿದ್ರೆ ಸರಿಹೋಗುತ್ತೆ."

ರಾಟೆಯ ಕಿಂಡಿಯಿಂದ ಕೆಳಗಿನ ದನಿ ತೂರಿಬಂತು. "ಮಾಮ, ಗಲ್ಲಾಪೆಟ್ಟಿಗೆ ಮಾತ್ರ ಮುಟ್ಟಬೇಡಿ!"

ತಂಗಿಯ ತುಟಿ ಒಂದಿಷ್ಟು ಅಲುಗಿತು, ಮತ್ತೆ ಬಿಗಿಯಿತು. ಆ ಕ್ಯಾಶ್ ಬೇರೆ, ಈ ಕ್ಯಾಶ್ ಬೇರೆ ಎಂದು ಮಾಮ ವಿವರಿಸಿದರು. ಒಮ್ಮೆ ನೋಡಿದ ಪುಟವನ್ನು ಬ್ರೌಸರ್ ತನ್ನ ಬಳಿ ಎತ್ತಿಟ್ಟುಕೊಳ್ಳುತ್ತದೆ. ಮುಂದಿನ ಸಲ ಕೇಳಿದಾಗ ಅದನ್ನೇ ತೆಗೆದು ಕೊಡುತ್ತದೆ, ಬೇಗ ಆಗಲಿ ಎಂದು. ಆ ಕಡೆ ಪುಟ ಬದಲಾಗಿದ್ದರೂ ಇದಕ್ಕೆ ಸುದ್ದಿ ಇರುವುದಿಲ್ಲ. ಹೊಸ ಗುಂಡಿ, ಹಳೆಯ ಸರಂಜಾಮು. ಎರಡಕ್ಕೂ ಹೊಂದಿಕೆಯಾಗದೆ ಚಕ್ರ ತಿರುಗುತ್ತಿರುತ್ತದೆ.

"ಖಾತ್ರಿ ಮಾಡ್ಕೊಳ್ಳೋಣ ಇರಿ," ಎಂದು ಅವರು ಇನ್‌ಕಾಗ್ನಿಟೋ ಕಿಟಕಿ ತೆರೆದು ಅಂಗಡಿಯ ವಿಳಾಸ ಹೊಡೆದರು. ಎತ್ತಿಟ್ಟದ್ದನ್ನು ಬಿಟ್ಟು ಹೊಸದಾಗಿ ತರಿಸುವ ದಾರಿ ಅದು. ಪುಟ ಥಟ್ಟನೆ ಬಂತು. ಮೇಲ್ಗಡೆ ಒಂದು ಚಿತ್ರ: ಅಂಗಡಿಯ ಬಾಗಿಲಲ್ಲಿ ಇಬ್ಬರೂ ಹೆಣ್ಣುಮಕ್ಕಳು, ತಂಗಿಯ ಹೆಗಲ ಮೇಲೆ ಅಕ್ಕನ ಕೈ.

ತಂಗಿ ಪರದೆಯತ್ತ ಬಾಗಿದಳು. "ಇದನ್ನ ಯಾವಾಗ ಹಾಕಿದ್ರು?"

ಮಾಮ ಪರದೆಯ ಮೇಲೆ ಮೊದಲು ತೆರೆದಿದ್ದ ಕಿಟಕಿಗೆ ಮರಳಿದರು. ಅವಳು ದಿನಾ ಬೆಳಿಗ್ಗೆ ನೋಡುವ ಪುಟ ಅದು. ಅದರಲ್ಲಿ ಅಕ್ಕ ಒಬ್ಬಳೇ. ತಂಗಿ ಇದ್ದ ಕಡೆ ಚಿತ್ರವನ್ನು ಕತ್ತರಿಸಿ ತೆಗೆದಿದ್ದರು, ಹೆಸರೂ ಇರಲಿಲ್ಲ.

"ಅಕ್ಕಾ!" ಎಂದಳು ತಂಗಿ, ಕಿಂಡಿಯ ಕಡೆ ತಿರುಗಿ. ಎಷ್ಟೋ ದಿನದ ಮೇಲೆ ಬಂದ ಮಾತಾದ್ದರಿಂದ ದನಿ ಒಡೆದು ಬಂತು.

ಅಕ್ಕ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು. ಎರಡು ಪುಟಗಳನ್ನೂ ನೋಡಿ, "ಇದೇನು ಚೇಷ್ಟೆ? ನಾನು ಯಾವತ್ತೂ ಹೀಗೆ ಹಾಕಿಲ್ಲಪ್ಪ," ಎಂದಳು.

ತಂಗಿ ಮಾಮನತ್ತ ತಿರುಗಿ ಕೇಳಿದಳು. "ಮಾಮ, ನಿಮ್ಮ ಬ್ರೌಸರ್ ಇಲ್ಲದ್ದನ್ನ ತಾನೇ ಹುಟ್ಟಿಸುತ್ತಾ?"

"ಇಲ್ಲಮ್ಮ. ಇದ್ದದ್ದನ್ನೇ ಇಟ್ಕೊಳ್ಳೋದು ಅದು."

ಅಕ್ಕನ ಮುಖ ಕೆಂಪಾಯಿತು. ಆ ಚಿತ್ರ ಕತ್ತರಿಸಿದ್ದು ಕೆಲವು ತಿಂಗಳ ಹಿಂದೆ, ಗಾಜನ್ನು ಹೊರಗಿಂದ ತರಿಸೋಣ, ತೇಯುವ ಯಂತ್ರ ಮಾರಿಬಿಡೋಣ ಎಂದು ಅವಳು ಹೇಳಿದ್ದ ದಿನ. ನಿನಗೆ ಗಾಜಿನ ಗಂಧಗಾಳಿ ಗೊತ್ತಿಲ್ಲ ಎಂದು ತಂಗಿ ಗಿರಾಕಿಗಳ ಎದುರೇ ಅಂದಿದ್ದಳು.

"ಸಿಟ್ಟು ಬಂತು ಕಣೇ, ತೆಗೆದುಹಾಕ್ದೆ. ಸಂಜೆ ಹೊತ್ತಿಗೆ ಮತ್ತೆ ಹಾಕ್ದೆ. ಅದನ್ನ ಯಾರೂ ನೋಡಿಲ್ಲ ಅನ್ಕೊಂಡಿದ್ದೆ."

"ತೆಗೆದಿದ್ದು ನೋಡ್ದೆ. ಹಾಕಿದ್ದು ನಂಗೆ ಕಾಣಲಿಲ್ಲ."

"ಒಂದು ಮಾತು ಕೇಳಬಾರದಿತ್ತಾ?"

"ಕೇಳೋದೇನು? ದಿನಾ ಕಣ್ಣೆದುರಿಗೇ ಇತ್ತಲ್ಲ."

ಮಾಮ ಚೀಲದಲ್ಲಿ ಬೇಡದ ತಂತಿಯೊಂದನ್ನು ಹುಡುಕತೊಡಗಿದರು. ಇಂಥ ಹೊತ್ತಿನಲ್ಲಿ ಅವರ ಕೈಗೆ ಏನಾದರೂ ಕೆಲಸ ಬೇಕು. ಕಡೆಗೆ ಮೌಸ್ ಹಿಡಿದು, ಎತ್ತಿಟ್ಟ ಚಿತ್ರ ಮತ್ತು ಕಡತಗಳಿಗೆ ಮಾತ್ರ ಗುರುತು ಹಾಕಿ, ಪಾಸ್‌ವರ್ಡುಗಳನ್ನು ಹಾಗೇ ಬಿಟ್ಟು, "ಅಳಿಸಲಾ?" ಎಂದರು.

ಇಬ್ಬರೂ ಒಟ್ಟಿಗೆ ಅವರತ್ತ ನೋಡಿದರು. "ಅಳಿಸಿ," ಎಂದಳು ತಂಗಿ.

ಆರ್ಡರ್ ಪುಟ ತೆರೆಯಿತು, ಚಕ್ರ ನಿಂತಿತು. ಪುಟ ಕಟ್ಟಿದವನು ಒಂದು ವರ್ಷ ಇಟ್ಟುಕೋ ಎಂದು ಬ್ರೌಸರಿಗೆ ಹೇಳಿಟ್ಟಿದ್ದ; ಮಾಮ ಅಕ್ಕನಿಂದ ಲಾಗಿನ್ ಕೇಳಿಕೊಂಡು ಅದನ್ನು ಒಂದು ಗಂಟೆಗೆ ಇಳಿಸಿದರು. ಅವರು ಚೀಲ ಕಟ್ಟುತ್ತಿದ್ದಾಗ ತಂಗಿ ಯಂತ್ರಕ್ಕೆ ಒರಗಿ ನಿಂತು ಹೇಳಿದಳು.

"ಅಕ್ಕ, ನಾನು ದೊಡ್ಡ ಬೀದಿಯ ಕನ್ನಡಕದ ಅಂಗಡಿಯವರಿಗೆ ಕೆಲಸಕ್ಕೆ ಬರ್ತೀನಿ ಅಂತ ಮಾತು ಕೊಟ್ಟುಬಿಟ್ಟೆ. ಮುಂದಿನ ತಿಂಗಳಿಂದ ಅಲ್ಲಿಗೆ."

ಅಕ್ಕ ಬಟ್ಟೆಯನ್ನು ಮಡಿಸಿದಳು, ಬಿಚ್ಚಿ ಮತ್ತೆ ಮಡಿಸಿದಳು. "ಕೊಟ್ಟ ಮೇಲೆ ಹೋಗಲೇಬೇಕಲ್ಲ. ಹೋಗು. ಯಂತ್ರ ಮಾರಲ್ಲ, ಇಲ್ಲೇ ಇರಲಿ. ಮಧ್ಯಾಹ್ನ ಊಟಕ್ಕಾದ್ರೂ ಬರ್ತೀಯಾ?"

"ಮಾಡಿಟ್ಟಿದ್ರೆ ಬರ್ತೀನಿ."

ತಂಗಿ ಹೇಳಿದ ಹಾಗೇ ಹೋದಳು. ವರ್ಷಪೂರ್ತಿ ದೊಡ್ಡ ಬೀದಿಯಲ್ಲೇ ಗಾಜು ತೇದಳು. ಅಕ್ಕ ಹೊರಗಿಂದ ಗಾಜು ತರಿಸಿದಳು, ಅಳತೆ ತಪ್ಪಿ ಎರಡೆರಡು ಸಲ ವಾಪಸು ಕಳಿಸಿದಳು. ಒಂದು ಸಂಜೆ ರಿಫ್ರೆಶ್ ಮಾಮ ಆ ದಾರಿಯಲ್ಲಿ ಬರುವಾಗ ಅಂಗಡಿಯ ಬಾಗಿಲಲ್ಲಿ ಜೋರು ಗಲಾಟೆ ಕೇಳಿಸಿತು. ಹೊರಗಿಂದ ಬಂದ ಒಂದು ಗಾಜನ್ನು ಬೆಳಕಿಗೆ ಹಿಡಿದು ಅಕ್ಕನೂ, ಕೆಲಸ ಮುಗಿಸಿ ಬಂದಿದ್ದ ತಂಗಿಯೂ ಒಬ್ಬರ ಮಾತಿಗೊಬ್ಬರು ಅಡ್ಡ ಬೀಳುತ್ತಿದ್ದರು. ಯಾರದು ಸರಿ ಎಂದು ತಮ್ಮನ್ನೇ ಕೇಳಿಯಾರು ಎನಿಸಿ, ಮಾಮ ಮೆಲ್ಲಗೆ ರಸ್ತೆ ದಾಟಿ ಆಚೆ ಬದಿಗೆ ಹೋದರು.